ಮುಂದಿನ ಕಾದಂಬರಿ ಯಾವಾಗ ಅಂತ ಎಲ್ಲರೂ ಕೇಳ್ತಾರೆ

ಪ್ರಶ್ನೆ: ನಾನು ಹೊಸನಗರ ಕಡೆಯ ಶಾಲೆಯೊಂದರಲ್ಲಿ ಶಿಕ್ಷಕಿ. ಮೂರು ವರ್ಷದ ಹಿಂದೆ ನನ್ನ ಮೊದಲ ಕಾದಂಬರಿ ಬಂತು. ಶರಾವತಿ ಮುಳುಗಡೆಯಲ್ಲಿ ಹೋದ ನಮ್ಮ ಅಜ್ಜಿಮನೆಯ ಕಥೆ. ಜನ ಮೆಚ್ಚಿದರು. ಆಮೇಲೆ ಎರಡು ಸಲ ಶುರು ಮಾಡಿ ಅರ್ಧಕ್ಕೇ ಬಿಟ್ಟಿದ್ದೇನೆ. ಓದಿದರೆ ನನಗೇ ಸಪ್ಪೆ ಅನ್ನಿಸುತ್ತದೆ. ಪ್ರಕಾಶಕರು ಡಿಸೆಂಬರ್ ಒಳಗೆ ಕೊಡಿ ಅನ್ನುತ್ತಾರೆ. ಮದುವೆ ಮನೆಗೆ ಹೋದರೂ ಅದೇ ಪ್ರಶ್ನೆ. ನನ್ನಲ್ಲಿದ್ದದ್ದು ಒಂದೇ ಕಥೆಯೇನೋ ಅಂತ ಭಯ.

ಉತ್ತರ: ಬರೆದದ್ದು ಸಪ್ಪೆ ಅಂದಿದ್ದೀರಿ. ಬರೆಯುವ ಮನಸ್ಸೇ ಇಲ್ಲ ಅಂತ ಎಲ್ಲೂ ಹೇಳಿಲ್ಲ. ನನಗೆ ಸಮಾಧಾನ ಕೊಟ್ಟದ್ದು ಇದೇ.

ಆ ಅರ್ಧ ಬರಹವನ್ನು ಯಾವುದರ ಪಕ್ಕ ಇಟ್ಟು ನೋಡಿದಿರಿ? ಅಚ್ಚಾದ ಪುಸ್ತಕದ ಪಕ್ಕ ಅಲ್ವಾ? ಅದು ತಿದ್ದಿ, ನಾಲ್ಕು ಜನರಿಗೆ ಓದಿಸಿ, ಮತ್ತೆ ತಿದ್ದಿ ಹೊರಬಂದದ್ದು. ಅದರ ಮೊದಲ ಕೈಬರಹ ಮನೆಯಲ್ಲಿದ್ದರೆ ಈ ವಾರವೇ ತೆಗೆದು ಓದಿ. ಇನ್ನೊಂದು ಮಾತು. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನೀವು ಬರೆಯಲು ಕೂರುವ ಹೊತ್ತಿಗೆ ಆ ಕಥೆ ನಿಮ್ಮ ಮನೆಯ ಜಗಲಿಯಲ್ಲಿ ಅರ್ಧ ಶತಮಾನ ಹೇಳಿಸಿಕೊಂಡಿತ್ತು. ಹೊಸ ಕಥೆಗೆ ಸಿಕ್ಕಿದ್ದು ಮೂರೇ ವರ್ಷ, ಅದೂ ಪಾಠ, ಮೌಲ್ಯಮಾಪನ, ಮನೆಗೆಲಸದ ನಡುವೆ.

ಪ್ರಕಾಶಕರ ಆತುರಕ್ಕೆ ಕಾರಣ ಇರಬಹುದು. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ, ಎಷ್ಟೋ ಬಹುಮಾನಗಳಿಗೆ ಪುಸ್ತಕ ಬಂದ ವರ್ಷ ನೋಡುತ್ತಾರೆ. ಡಿಸೆಂಬರ್ ದಾಟಿದರೆ ಅವರಿಗೆ ಒಂದು ವರ್ಷ ಹೋದ ಹಾಗೆ. ಅದು ಅವರ ವ್ಯವಹಾರ, ತಪ್ಪಲ್ಲ. ಆದರೆ ಆ ಗಡುವು ನಿಮ್ಮ ಕಥೆಯದಲ್ಲ. "ಈ ವರ್ಷ ಆಗುವುದಿಲ್ಲ, ಮುಗಿದಾಗ ಮೊದಲು ನಿಮಗೇ ಹೇಳುತ್ತೇನೆ" ಅಂತ ಫೋನ್ ಮಾಡಿ ಹೇಳಿಬಿಡಿ. ಮದುವೆ ಮನೆಯವರಿಗೆ "ಬರೀತಾ ಇದ್ದೀನಿ" ಅಂದರೆ ಸಾಕು.

ನಮ್ಮ ಕುಪ್ಪಳಿಯ ಕುವೆಂಪು ಬರೆದ ದೊಡ್ಡ ಕಾದಂಬರಿಗಳು ಎರಡೇ. 'ಕಾನೂರು ಹೆಗ್ಗಡಿತಿ' 1936ರಲ್ಲಿ, 'ಮಲೆಗಳಲ್ಲಿ ಮದುಮಗಳು' 1967ರಲ್ಲಿ. ನಡುವೆ 31 ವರ್ಷ! ತೀರ್ಥಹಳ್ಳಿ ಸೀಮೆಯವರೇ ಆದ ಅನಂತಮೂರ್ತಿಯವರ 'ಅವಸ್ಥೆ' 1978ರಲ್ಲಿ ಬಂದರೆ 'ಭವ' ಬಂದದ್ದು 1994ರಲ್ಲಿ. ನೀವೂ ಅಷ್ಟು ಕಾಯಬೇಕು ಅಂತ ಹೇಳುತ್ತಿಲ್ಲ. ಆ ವರ್ಷಗಳಲ್ಲಿ ಇಬ್ಬರೂ ಬೇರೆ ಬೇರೆ ಬರೆಯುತ್ತಲೇ ಇದ್ದರು. ಕಾದಂಬರಿ ಬರದ ವರ್ಷದಲ್ಲಿ ನೀವು ಬರಹಗಾರ್ತಿ ಅಲ್ಲ ಅಂತ ಯಾರೂ ತೀರ್ಮಾನಿಸಲಾರರು, ನೀವೂ ತೀರ್ಮಾನಿಸಬೇಡಿ.

ಒಂದು ಅನುಮಾನ ಹೇಳಲೇ? ಜನ ಮೆಚ್ಚಿದ್ದನ್ನೇ ಮತ್ತೆ ಕೊಡಬೇಕು ಅಂತ ಹೊರಟಿರಬಹುದು. ಅಜ್ಜಿಯ ಮಾತಿನ ಧಾಟಿ ಈ ಹೊಸ ಪಾತ್ರಗಳ ಬಾಯಲ್ಲಿ ಕೂರುತ್ತಿಲ್ಲ, ಅದಕ್ಕೇ ಸಪ್ಪೆ. ಬಿಟ್ಟ ಎರಡು ಬರಹಗಳನ್ನೂ ಹರಿದು ಹಾಕಬೇಡಿ. ಬೇಸಿಗೆ ರಜೆಯಲ್ಲಿ ಪೆನ್ನು ಹಿಡಿಯದೆ ಸುಮ್ನೆ ಓದಿ. ಎಲ್ಲೋ ಒಬ್ಬರು ತಮ್ಮದೇ ದನಿಯಲ್ಲಿ ಮಾತಾಡಿರುತ್ತಾರೆ. ಉಳಿದದ್ದೆಲ್ಲ ಬದಿಗಿಟ್ಟು ಅವರೊಬ್ಬರ ಬಗ್ಗೆ ಬರೆಯಿರಿ, ಅದು ಸಣ್ಣ ಕಥೆಯಾಗಿಯೇ ಮುಗಿದರೂ ಪರವಾಗಿಲ್ಲ.