ಬೆನ್ನಿಗೆ ಸೂಜಿ ಅಂದರೆ ಬಸ್ಸಲ್ಲೇ ನಡುಗುತ್ತಿದ್ದ ಹುಡುಗಿ

ಮನೆಯವರು ಒಪ್ಪಿದ ಮೇಲೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಾಯಿಸಿದ್ದೇನೆ.

ಮಂಡ್ಯ ಕಡೆಯ ಕಬ್ಬು ಬೆಳೆಯುವ ಕುಟುಂಬ. ಆರು ವರ್ಷದ ಮಗಳಿಗೆ ರಕ್ತದ ಕ್ಯಾನ್ಸರ್. ಎಎಲ್‌ಎಲ್ ಅಂತಾರಲ್ಲ, ಮಕ್ಕಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವ ಕ್ಯಾನ್ಸರ್, ಅದು. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಕೀಮೋ ನಡೆಯುತ್ತಿತ್ತು. ಮಗು ರಾತ್ರಿ ಕಿರುಚಿಕೊಂಡು ಏಳುತ್ತಾಳೆ, ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾಳೆ, ಬಸ್ಸು ಶ್ರೀರಂಗಪಟ್ಟಣ ದಾಟುತ್ತಿದ್ದ ಹಾಗೇ ನಡುಗಿ ವಾಂತಿ ಮಾಡಿಕೊಳ್ಳುತ್ತಾಳೆ ಅಂತ ತಾಯಿ ಹೇಳಿದರು. ಔಷಧಿ ಇನ್ನೂ ಮೈಗೆ ಹೋಗಿಯೇ ಇರುವುದಿಲ್ಲ, ಆಗಲೇ ವಾಂತಿ.

ತಂದೆ ಅಷ್ಟು ಹೊತ್ತೂ ಸುಮ್ನೆ ಕೂತಿದ್ದವರು ಕೊನೆಗೆ ಹೇಳಿದರು: "ಸಾಕು ಮೇಡಮ್. ನಾಕು ಜನ ಅದುಮಿ ಹಿಡ್ಕೊಂಡು ಬೆನ್ನಿಗೆ ಚುಚ್ತಾರೆ. ನೋಡಕ್ಕಾಗಲ್ಲ. ಆಯಸ್ಸು ಇದ್ದಷ್ಟು ಇರ್ಲಿ, ಮನೇಲೇ ನೋಡ್ಕೋತೀವಿ."

ಇದು ಅವರೊಬ್ಬರ ಮಾತಲ್ಲ. ನೋವು ನೋಡಲಾಗದೆ ಚಿಕಿತ್ಸೆ ಬಿಡಲು ಹೊರಡುವವರು ಇದ್ದಾರೆ. ಎಎಲ್‌ಎಲ್‌ಗೆ ಎರಡು, ಎರಡೂವರೆ ವರ್ಷದ ಚಿಕಿತ್ಸೆಯನ್ನು ಪೂರ್ತಿ ಸರಿಯಾಗಿ ಕೊಟ್ಟರೆ ಹೆಚ್ಚಿನ ಮಕ್ಕಳು ಗುಣವಾಗುತ್ತಾರೆ. ಅಂಥ ಮಗುವನ್ನು ಸೂಜಿಯ ಭಯಕ್ಕೆ ಕಳೆದುಕೊಳ್ಳುವುದನ್ನು ನನಗೆ ಒಪ್ಪಲು ಆಗುವುದಿಲ್ಲ.

ಮೊದಲು ತಂದೆಗೆ ಬೆನ್ನಿಗೇ ಯಾಕೆ ಅನ್ನುವುದನ್ನು ಬಿಡಿಸಿ ಹೇಳಿದೆ. ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಕೈಗೆ ಹಾಕುವ ಕೀಮೋ ಮಿದುಳಿನವರೆಗೆ ಸರಿಯಾಗಿ ತಲುಪುವುದಿಲ್ಲ. ಕ್ಯಾನ್ಸರ್ ಕಣಗಳು ಅಲ್ಲಿ ಅಡಗಿ ಮತ್ತೆ ಬರಬಹುದು. ಅದಕ್ಕೇ ಬೆನ್ನುಹುರಿಯ ಸುತ್ತ ಇರುವ ನೀರಿಗೆ ಮೆಥೊಟ್ರೆಕ್ಸೇಟ್ ಅನ್ನುವ ಕೀಮೋ ಔಷಧಿ ಹಾಕುತ್ತಾರೆ, ಅದೂ ಎಷ್ಟೋ ಸಲ. ಸೂಜಿ ತಪ್ಪಿಸುವ ಹಾಗಿಲ್ಲ, ಆದರೆ ಅದರ ನೋವು ಕಮ್ಮಿ ಮಾಡಬಹುದು ಅಂದೆ. ಅವರು ಆಗ ತಲೆ ಎತ್ತಿ ನೋಡಿದರು.

ತಾಯಿಯದು ಬೇರೆ ಕಷ್ಟ. ಪ್ರತಿ ಸಲ "ಇವತ್ತು ಸೂಜಿ ಇಲ್ಲ ಚಿನ್ನ, ಝೂ ನೋಡಕ್ಕೆ ಹೋಗಣ" ಅಂತ ಹೇಳಿ ಬಸ್ಸು ಹತ್ತಿಸುತ್ತಿದ್ದರು. ಪಾಪ, ಇನ್ನೇನು ಮಾಡಿಯಾರು? ಆದರೆ ಮಗು ಈಗ ಝೂ ಅಂದರೂ ಹೆದರುತ್ತಿತ್ತು. ಸುಳ್ಳು ಹೇಳಬೇಡಿ ಅಂದೆ. "ಇವತ್ತು ಬೆನ್ನಿಗೆ ಸೂಜಿ ಇದೆ, ಸ್ವಲ್ಪ ನೋಯುತ್ತೆ, ನಾನು ನಿನ್ನ ತಲೆ ಹತ್ತಿರಾನೇ ಇರ್ತೀನಿ" ಅಂತ ಬೆಳಿಗ್ಗೆಯೇ ಹೇಳಿ. ಸೂಜಿ ಇಲ್ಲದ ದಿನ ಇಲ್ಲ ಅಂತ ಹೇಳಿದರೆ ಆಗ ಮಗು ನಂಬುತ್ತದೆ.

ಆಸ್ಪತ್ರೆಯಲ್ಲಿ ಏನು ಕೇಳಬೇಕು ಅನ್ನುವುದನ್ನೂ ಕೂತು ಹೇಳಿಕೊಟ್ಟೆ, ಯಾಕೆಂದರೆ ನಮ್ಮ ಕಡೆ ಡಾಕ್ಟರ ಹತ್ತಿರ ಕೇಳುವುದು ಅಂದರೆ ಎದುರುತ್ತರ ಕೊಟ್ಟ ಹಾಗೆ ಅಂತ ಹಿಂಜರಿಯುವವರೇ ಜಾಸ್ತಿ. ಲಿಗ್ನೊಕೇನ್, ಪ್ರಿಲೊಕೇನ್ ಸೇರಿದ, ಚರ್ಮ ಮರಗಟ್ಟಿಸುವ ಮುಲಾಮು ಸಿಗುತ್ತದೆ. ಡಾಕ್ಟರು ತೋರಿಸಿದ ಜಾಗಕ್ಕೆ, ಹೇಳಿದಷ್ಟೇ ಹಚ್ಚಿ, ಮೇಲೆ ಪ್ಲಾಸ್ಟಿಕ್ ಪಟ್ಟಿ ಅಂಟಿಸಿ 60 ನಿಮಿಷವಾದರೂ ಬಿಡಬೇಕು. ಹತ್ತು ನಿಮಿಷ ಬಿಟ್ಟು ಕೆಲಸ ಮಾಡಲಿಲ್ಲ ಅಂದರೆ ತಪ್ಪು ಮುಲಾಮಿನದಲ್ಲ. ಮುಲಾಮು ಇಲ್ಲದಿದ್ದರೆ ಲಿಗ್ನೊಕೇನ್ ಇಂಜೆಕ್ಷನ್ ಎಲ್ಲಾ ಕಡೆ ಇರುತ್ತದೆ, ಅದನ್ನು ಹಾಕಿ ಮರಗಟ್ಟುವವರೆಗೆ ಕಾಯಬೇಕು ಅಷ್ಟೆ. ಕೆಟಮಿನ್ ಕೊಟ್ಟು ಮಲಗಿಸಿ ಮಾಡುವುದು ಇನ್ನೂ ಒಳ್ಳೆಯದು. ಮೂಳೆ ಮಜ್ಜೆ ತೆಗೆಯುವಾಗಂತೂ ಅದು ಬೇಕೇ ಬೇಕು, ಮುಲಾಮು ಮೂಳೆಯವರೆಗೆ ಇಳಿಯುವುದಿಲ್ಲ. ಕೆಟಮಿನ್ ಅಗ್ಗದ ಔಷಧಿ, ವಿಶ್ವ ಆರೋಗ್ಯ ಸಂಸ್ಥೆಯ ಮಕ್ಕಳ ಅಗತ್ಯ ಔಷಧಿಗಳ ಪಟ್ಟಿಯಲ್ಲೂ ಇದೆ. ಸಾಕಾಗದಿರುವುದು ಅದನ್ನು ಕೊಟ್ಟು ಉಸಿರು, ನಾಡಿ ನೋಡಿಕೊಳ್ಳುವ ಜನ. ಹಾಗಾಗಿ ಅರಿವಳಿಕೆ ಡಾಕ್ಟರು ಯಾವ ದಿನ ಇರುತ್ತಾರೆ, ಆ ದಿನಕ್ಕೇ ಹಾಕಬಹುದಾ, ಎಷ್ಟು ಹೊತ್ತು ಖಾಲಿ ಹೊಟ್ಟೆ ಇರಬೇಕು, ಈ ಮೂರನ್ನು ತಂದೆ ಚೀಟಿಯಲ್ಲಿ ಬರೆದುಕೊಂಡರು.

ದುಡ್ಡು ಬೇಡದ ಕೆಲಸವೂ ಇದೆ. ಮಲಗಿ ಸೀಗಡಿ ಥರ ಮೈ ಮುದುರಿಕೊಳ್ಳುವುದನ್ನು ಮನೆಯ ಚಾಪೆ ಮೇಲೆ ಆಟವಾಗಿ ಆಡಿಸಿ ಅಂದೆ. ಗೊಂಬೆಗೂ ಮಗುವೇ ಸೂಜಿ ಹಾಕಲಿ. ಚುಚ್ಚುವಾಗ ತಾಯಿ ಮುಖದ ಹತ್ತಿರ ಕೂತು ಸೋಪಿನ ಗುಳ್ಳೆಯ ಕಡ್ಡಿ ಹಿಡಿಯಲಿ, ಮಗು ನಿಧಾನವಾಗಿ ಊದಲಿ, ಊದುವಾಗ ಉಸಿರು ತಾನಾಗೇ ಉದ್ದ ಆಗುತ್ತದೆ. ಅಳಬೇಡ ಅನ್ನಬೇಡಿ. ಅಳಬಹುದು, ಅಲ್ಲಾಡಬಾರದು ಅಷ್ಟೆ.

ಅಜ್ಜಿಗೂ ಒಂದು ಮಾತು ಹೇಳಿ ಕಳಿಸಿದೆ. ಹುಡುಗಿಯ ತಮ್ಮ ಊಟ ಮಾಡದಿದ್ದರೆ "ಡಾಕ್ಟರ ಹತ್ರ ಸೂಜಿ ಹಾಕಿಸ್ತೀನಿ" ಅಂತ ಹೆದರಿಸುವುದು ಆ ಮನೆಯಲ್ಲಿ ಇನ್ನು ಬೇಡ.

ಇಷ್ಟು ಮಾಡಿದರೂ ಭಯ ಒಂದೇ ಸಲಕ್ಕೆ ಹೋಗಲಿಲ್ಲ. ಮೊದಲ ನೋವು ಅಷ್ಟು ಗಟ್ಟಿಯಾಗಿ ಕೂರುತ್ತದೆ. ಕ್ಯಾನ್ಸರ್ ಇರುವ ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ಹೇಳಿತು: ಮೊದಲ ಸಲ ನೋವಿನ ಔಷಧಿ ಸಿಗದ ಚಿಕ್ಕ ಮಕ್ಕಳಿಗೆ ಮುಂದೆ ಒಳ್ಳೆಯ ಔಷಧಿ ಕೊಟ್ಟರೂ ಅಷ್ಟಾಗಿ ನಾಟಲಿಲ್ಲ. ಹೊಸದಾಗಿ ಕ್ಯಾನ್ಸರ್ ಗೊತ್ತಾದ ಮಗುವಿನ ಮನೆಯವರು ಮೊದಲ ಸೂಜಿಗೇ ಇದನ್ನೆಲ್ಲ ಕೇಳಿ ಅಂತ ನಾನು ಒತ್ತಿ ಹೇಳುವುದು ಅದಕ್ಕೇ.

ನಮ್ಮ ಹುಡುಗಿ ಈಗಲೂ ಅಳುತ್ತಾಳೆ, ಆದರೆ ಹಿಡಿಯಲು ಒಬ್ಬ ಸಿಸ್ಟರ್ ಸಾಕು. ಚಿಕಿತ್ಸೆ ಬಿಟ್ಟಿಲ್ಲ. ಡ್ಯೂಟಿ ಡಾಕ್ಟರು ಬದಲಾದಾಗ ಎಲ್ಲಾ ಮೊದಲಿಂದ ಹೇಳಬೇಕಾಗುತ್ತದೆ ಅಂತ ತಂದೆ ಫೈಲಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ: "ಮುಲಾಮು ಒಂದು ಗಂಟೆ ಮುಂಚೆ. ಅಮ್ಮ ತಲೆ ಹತ್ತಿರ."