ಹಾಡಿಗೆ ತಕ್ಕಂತೆ ಗ್ರಾಫಿಕ್ಸ್ ಕುಣಿಯಬೇಕು, ಆದರೆ ಬರೀ ನಡುಗುತ್ತಿದೆ. ಬೇರೆ ಸಾಫ್ಟ್‌ವೇರ್ ಬೇಕಾ?

ನೀವು ಕೇಳಿರುವುದು ಇಷ್ಟು: ಆಫ್ಟರ್ ಎಫೆಕ್ಟ್ಸ್ ಎಂಬ ಅನಿಮೇಷನ್ ಸಾಫ್ಟ್‌ವೇರ್‌ನಲ್ಲಿ ಹಾಡನ್ನು ಕೀಫ್ರೇಮ್‌ಗಳಾಗಿ (ಯಾವ ಕ್ಷಣಕ್ಕೆ ಯಾವ ಬೆಲೆ ಎಂಬ ಗುರುತುಗಳು) ಬದಲಾಯಿಸಿ, ಅದನ್ನು ಒಂದು ವೃತ್ತದ ಸ್ಕೇಲ್‌ಗೆ, ಅಂದರೆ ಗಾತ್ರಕ್ಕೆ, ಕಟ್ಟಿದ್ದೀರಿ. ವೃತ್ತ ತಾಳಕ್ಕೆ ಕುಣಿಯುವ ಬದಲು ಮೊದಲಿಂದ ಕೊನೆಯವರೆಗೆ ನಡುಗುತ್ತಲೇ ಇದೆ. ಇದಕ್ಕೆ ಬೇರೆ ಸಾಫ್ಟ್‌ವೇರ್ ಕಲಿಯಬೇಕಾ ಎಂಬುದು ನಿಮ್ಮ ಪ್ರಶ್ನೆ.

ಬೇಡ. ಎಲ್ಲಿಗೆ ಹೋದರೂ ಈ ನಡುಕ ನಿಮ್ಮ ಜೊತೆಗೇ ಬರುತ್ತದೆ. ನಾನೂ ಮೊದಲ ಸಲ ಒಬ್ಬ ಗೆಳೆಯನ ಹಾಡಿಗೆ ಹೀಗೇ ಮಾಡಿದ್ದೆ. ಹಾಡಿನ ಜೋರನ್ನು ಸ್ಕೇಲ್‌ಗೆ, ಬಣ್ಣಕ್ಕೆ, ತಿರುಗುವಿಕೆಗೆ, ಗ್ಲೋಗೆ ಎಲ್ಲಕ್ಕೂ ಕಟ್ಟಿದ್ದೆ. ಅವನು ಪೂರ್ತಿ ನೋಡಿ ಒಂದೇ ಮಾತು ಕೇಳಿದ: 'ಇದರಲ್ಲಿ ನನ್ನ ಡ್ರಮ್ ಎಲ್ಲಿದೆ?' ನಾನು ಅದೇ ಟೈಮ್‌ಲೈನ್ ತೆರೆದು ಉತ್ತರ ಹುಡುಕಿದೆ. ಡ್ರಮ್ ಎಲ್ಲೂ ಇರಲಿಲ್ಲ. ಇದ್ದದ್ದು ಒಟ್ಟು ಸದ್ದು ಮಾತ್ರ.

ಕನ್ವರ್ಟ್ ಆಡಿಯೊ ಟು ಕೀಫ್ರೇಮ್ಸ್ ಎಂಬ ಕಮ್ಯಾಂಡ್ ಕೊಟ್ಟಾಗ ಆಡಿಯೊ ಆಂಪ್ಲಿಟ್ಯೂಡ್ ಎಂಬ ನಲ್ ಲೇಯರ್, ಅಂದರೆ ಚಿತ್ರದಲ್ಲಿ ಕಾಣದ ಖಾಲಿ ಪದರ, ಬರುತ್ತದಲ್ವಾ? ಅದರಲ್ಲಿ ಎಡ ಚಾನೆಲ್, ಬಲ ಚಾನೆಲ್, ಎರಡೂ ಸೇರಿ ಎಂದು ಮೂರು ಸ್ಲೈಡರ್‌ಗಳು. ಪ್ರತಿ ಫ್ರೇಮಿಗೆ ಒಂದೊಂದು ಸಂಖ್ಯೆ. ಆ ಸಂಖ್ಯೆಗೆ ಸದ್ದು ಎಷ್ಟು ಜೋರು ಅಂತ ಗೊತ್ತು, ಸದ್ದು ಯಾರದು ಅಂತ ಗೊತ್ತಿಲ್ಲ. ಕಿಕ್ (ದೊಡ್ಡ ಡ್ರಮ್ಮಿನ ಏಟು), ಬೇಸ್, ಗಿಟಾರ್, ದನಿ ಎಲ್ಲ ಒಂದೇ ಚೀಲದಲ್ಲಿ. ಜೊತೆಗೆ ಈಗಿನ ಹಾಡುಗಳನ್ನು ಮಾಸ್ಟರಿಂಗ್‌ನಲ್ಲಿ, ಅಂದರೆ ಹಾಡಿನ ಕೊನೆಯ ಹಂತದಲ್ಲಿ, ಜೋರನ್ನು ಮಿತಿಯೊಳಗೆ ಹಿಡಿಯುವ ಲಿಮಿಟರ್ ಹಾಕಿ ಒತ್ತಿರುತ್ತಾರೆ. ಮೆಲ್ಲಗಿನ ಜಾಗಕ್ಕೂ ಜೋರಿನ ಜಾಗಕ್ಕೂ ವ್ಯತ್ಯಾಸ ಕಡಿಮೆ. ಗ್ರಾಫ್ ಎಡಿಟರ್‌ನಲ್ಲಿ ಆ ಸ್ಲೈಡರ್ ತೆರೆದು ನೋಡಿ. ಬೆಟ್ಟ ಕಣಿವೆ ಕಾಣುವುದಿಲ್ಲ, ಒತ್ತೊತ್ತಾಗಿ ಬೆಳೆದ ಹುಲ್ಲಿನ ಹಾಗೆ ಕಾಣುತ್ತದೆ. ನಿಮ್ಮ ವೃತ್ತ ಆ ಹುಲ್ಲಿನ ಮೇಲೆ ಓಡುತ್ತಿದೆ, ಅದಕ್ಕೇ ನಡುಗುತ್ತಿದೆ.

ಹಾಗಾಗಿ ಮೊದಲ ಕೆಲಸ ಸದ್ದನ್ನು ಬಿಡಿಸುವುದು. ಹಾಡು ಮಾಡಿದವರು ಪರಿಚಯವಿದ್ದರೆ ಸ್ಟೆಮ್‌ಗಳನ್ನು ಕೇಳಿ. ಅಂದರೆ ಡ್ರಮ್ ಬೇರೆ, ಬೇಸ್ ಬೇರೆ, ದನಿ ಬೇರೆ ಇರುವ ಫೈಲುಗಳು. ಸಿಗದಿದ್ದರೆ ಡೆಮಕ್ಸ್ ಅಥವಾ ಸ್ಪ್ಲೀಟರ್‌ನಂಥ ಉಚಿತ ಉಪಕರಣಗಳು ಹಾಡನ್ನು ದನಿ, ಡ್ರಮ್, ಬೇಸ್, ಉಳಿದದ್ದು ಎಂದು ನಾಲ್ಕು ಪಾಲು ಮಾಡಿಕೊಡುತ್ತವೆ. ಪಾಲು ಅಷ್ಟು ಶುದ್ಧವಾಗಿ ಬರುವುದಿಲ್ಲ, ಒಂದರ ನೆರಳು ಇನ್ನೊಂದರಲ್ಲಿ ಉಳಿಯುತ್ತದೆ. ಅದರ ಚಿಂತೆ ಬೇಡ. ಆ ಫೈಲನ್ನು ಯಾರೂ ಕೇಳುವುದಿಲ್ಲ. ನೋಡುವವರು ಕೇಳುವುದು ಮೂಲ ಹಾಡನ್ನೇ, ಬಿಡಿಸಿದ ಫೈಲು ಗ್ರಾಫಿಕ್ಸ್ ಓಡಿಸಲು ಮಾತ್ರ. ಈ ವಿಷಯ ತಲೆಗೆ ಹೋದ ಮೇಲೆ ನನಗೆ ತುಂಬ ಸ್ವಾತಂತ್ರ್ಯ ಸಿಕ್ಕಿತು. ಓಡಿಸುವ ಫೈಲನ್ನು ಎಷ್ಟು ಬೇಕಾದರೂ ಕೊಯ್ಯಬಹುದು, ಹಿಂಡಬಹುದು, ಕಿವಿಗೆ ಕೆಟ್ಟದಾಗಿ ಕೇಳಿಸಿದರೂ ಸರಿ.

ಡ್ರಮ್ ಸ್ಟೆಮ್ ಸಿಕ್ಕ ಮೇಲೂ ಅದರಲ್ಲಿ ಕಿಕ್ ಮತ್ತು ಹೈಹ್ಯಾಟ್ (ಡ್ರಮ್ ಸೆಟ್‌ನ ಜೋಡಿ ತಟ್ಟೆಗಳು) ಒಟ್ಟಿಗೇ ಇರುತ್ತವೆ. ನಮ್ಮ ಕಿವಿ ಕೇಳುವುದು ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ. ಅದರಲ್ಲಿ ಕಿಕ್‌ನ ಗುದ್ದು ಹೆಚ್ಚಾಗಿ 50ರಿಂದ 100 ಹರ್ಟ್ಸ್ ಆಸುಪಾಸಿನಲ್ಲಿ ಇರುತ್ತದೆ, ಹೈಹ್ಯಾಟ್‌ನ ಚುರುಕು ಸಾವಿರಾರು ಹರ್ಟ್ಸ್ ಮೇಲೆ. ಆಡಾಸಿಟಿ ಎಂಬ ಆಡಿಯೊ ಸಾಫ್ಟ್‌ವೇರ್‌ನಲ್ಲಿ ಒಂದು ಪ್ರತಿಗೆ 120 ಹರ್ಟ್ಸ್‌ನಲ್ಲಿ ಲೋ ಪಾಸ್ ಫಿಲ್ಟರ್ (ಅದಕ್ಕಿಂತ ಕೆಳಗಿನ ಸದ್ದನ್ನು ಮಾತ್ರ ಬಿಡುವುದು) ಹಾಕಿ, ಇನ್ನೊಂದು ಪ್ರತಿಗೆ 6,000 ಹರ್ಟ್ಸ್‌ನಲ್ಲಿ ಹೈ ಪಾಸ್ (ಮೇಲಿನದನ್ನು ಮಾತ್ರ ಬಿಡುವುದು) ಹಾಕಿ. ಎರಡನ್ನೂ ವೇವ್ ಫೈಲಾಗಿ ಉಳಿಸಿ. ಎಂಪಿ3 ಬೇಡ, ಅದರ ಎನ್‌ಕೋಡರ್ ಶುರುವಿನಲ್ಲಿ ಸ್ವಲ್ಪ ಖಾಲಿ ಜಾಗ ಸೇರಿಸುತ್ತದೆ. ಆಮೇಲೆ ಒಂದು ಫ್ರೇಮ್ ಯಾಕೆ ಹಿಂದೆ ಬಿತ್ತು ಅಂತ ಹುಡುಕುತ್ತಾ ಕೂರಬೇಕಾಗುತ್ತದೆ.

ಇನ್ನೊಂದು ಎಚ್ಚರ. ಕನ್ವರ್ಟ್ ಆಡಿಯೊ ಟು ಕೀಫ್ರೇಮ್ಸ್ ಕಮ್ಯಾಂಡ್ ಕಾಂಪೊಸಿಷನ್‌ನಲ್ಲಿರುವ, ಅಂದರೆ ಲೇಯರ್‌ಗಳನ್ನು ಜೋಡಿಸಿದ ಆ ಟೈಮ್‌ಲೈನ್‌ನಲ್ಲಿರುವ, ಎಲ್ಲ ಆಡಿಯೊವನ್ನೂ ಒಟ್ಟಿಗೆ ಓದುತ್ತದೆ. ಕಿಕ್‌ನ ಫೈಲನ್ನು ಓದಿಸುವಾಗ ಉಳಿದ ಲೇಯರ್‌ಗಳ ಸ್ಪೀಕರ್ ಗುರುತು ಆಫ್ ಮಾಡಿರಿ. ಬಂದ ನಲ್ ಲೇಯರ್‌ಗೆ ತಕ್ಷಣ 'ಕಿಕ್' ಎಂದು ಹೆಸರಿಡಿ. ಹೈಹ್ಯಾಟ್‌ಗೂ ಹಾಗೇ. ಆಮೇಲೆ ಹಾಡು ಬದಲಾದರೆ ಈ ಕೀಫ್ರೇಮ್‌ಗಳು ತಾವಾಗಿ ಬದಲಾಗುವುದಿಲ್ಲ, ಮತ್ತೆ ಓದಿಸಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕಿಕ್ ಬಿಡಿಸಿದ ಮೇಲೂ ವೃತ್ತ ಒರಟಾಗಿ ಜಿಗಿಯುತ್ತದೆ. ಆಗ ಎಲ್ಲರೂ ಮೊದಲು ಮಾಡುವುದು ಸ್ಮೂತ್ ಎಂಬ ಎಕ್ಸ್‌ಪ್ರೆಷನ್, ಅಂದರೆ ಬೆಲೆ ಲೆಕ್ಕ ಹಾಕುವ ಚಿಕ್ಕ ಕೋಡ್, ಹಾಕುವುದು. ಅದು ತಪ್ಪು ಮದ್ದು. ಹತ್ತಿರದಿಂದ ನೋಡೋಣ. ಸೆಕೆಂಡಿಗೆ 30 ಫ್ರೇಮ್ ಇರುವ ಕಾಂಪೊಸಿಷನ್‌ನಲ್ಲಿ ಒಂದು ಕಿಕ್ ಬಿದ್ದಾಗ ಸ್ಲೈಡರ್ ಹೀಗೆ ಓಡುತ್ತದೆ ಎಂದುಕೊಳ್ಳಿ: 3, 4, 3, 32, 19, 9, 5, 3. ಒಂದೇ ಫ್ರೇಮಿನಲ್ಲಿ 3ರಿಂದ 32ಕ್ಕೆ ಹಾರುತ್ತದೆ, ಅಷ್ಟೇ ಬೇಗ ಇಳಿಯುತ್ತದೆ. ಸ್ಮೂತ್ ಮಾಡುವುದು ಹಿಂದಿನ ಮತ್ತು ಮುಂದಿನ ಬೆಲೆಗಳ ಸರಾಸರಿ. ಐದು ಫ್ರೇಮ್‌ಗಳ ಸರಾಸರಿ ತೆಗೆದರೆ 32 ಇದ್ದ ಜಾಗದಲ್ಲಿ 13.4 ಉಳಿಯುತ್ತದೆ. ಅದರ ಹಿಂದಿನ ಫ್ರೇಮಿನಲ್ಲಿ 12.2, ಮುಂದಿನದರಲ್ಲಿ 13.6. ಗುದ್ದು ಎಲ್ಲಿ ಹೋಯಿತು? ಕಿಕ್ ಬೀಳುವ ಮೊದಲೇ ವೃತ್ತ ಉಬ್ಬಲು ಶುರು ಮಾಡಿದೆ, ಬಿದ್ದ ಮೇಲೆ ಚಪ್ಪಟೆಯಾಗಿ ನಿಂತಿದೆ. ನಡುಕ ಹೋಯಿತು, ಜೊತೆಗೆ ಜೀವವೂ ಹೋಯಿತು.

ಬೇಕಾದದ್ದು ಬೇರೆ: ಏರುವುದು ತಕ್ಷಣ, ಇಳಿಯುವುದು ನಿಧಾನ. ಗಂಟೆ ಬಾರಿಸಿದಾಗ ಆಗುವುದೂ ಇದೇ. ಏಟು ಒಂದು ಕ್ಷಣ, ನಾದ ಆರುವುದಕ್ಕೆ ಹೊತ್ತು ಬೇಕು. ಸದ್ದಿನ ಕೆಲಸ ಮಾಡುವವರು ಇದಕ್ಕೆ ಅಟ್ಯಾಕ್ ಮತ್ತು ರಿಲೀಸ್ ಎನ್ನುತ್ತಾರೆ.

ಆಫ್ಟರ್ ಎಫೆಕ್ಟ್ಸ್‌ನ ಎಕ್ಸ್‌ಪ್ರೆಷನ್‌ಗೆ ಹಿಂದಿನ ಫ್ರೇಮಿನಲ್ಲಿ ತಾನು ಏನು ಲೆಕ್ಕ ಹಾಕಿದೆ ಎಂಬ ನೆನಪು ಇರುವುದಿಲ್ಲ. ಹಾಗಾಗಿ ಅದನ್ನು ಪ್ರತಿ ಸಲ ಹಿಂತಿರುಗಿ ನೋಡುವಂತೆ ಮಾಡಬೇಕು. ಒಂದು ಲೂಪ್ ಬರೆಯಿರಿ. ಅದು ಈಗಿನ ಫ್ರೇಮಿನಿಂದ ಹಿಂದಕ್ಕೆ ಹನ್ನೆರಡು ಫ್ರೇಮ್‌ವರೆಗೆ ಹೋಗಲಿ. ಪ್ರತಿ ಫ್ರೇಮಿನ ಸ್ಲೈಡರ್ ಬೆಲೆಯನ್ನು ವ್ಯಾಲ್ಯೂ ಅಟ್ ಟೈಮ್ ಎಂಬ ಫಂಕ್ಷನ್‌ನಿಂದ ಓದಲಿ. ಎಷ್ಟು ಫ್ರೇಮ್ ಹಿಂದೆ ಹೋಗಿದೆಯೋ ಅಷ್ಟು ಸಲ ಅದನ್ನು 0.8ರಿಂದ ಗುಣಿಸಲಿ. ಕೊನೆಗೆ ಬಂದ ಎಲ್ಲದರಲ್ಲಿ ದೊಡ್ಡದನ್ನು ಇಟ್ಟುಕೊಳ್ಳಲಿ. ಅಷ್ಟೇ. ಆಗ ಅದೇ ಕಿಕ್ ಹೀಗಾಗುತ್ತದೆ: 32, 25.6, 20.5, 16.4, 13.1, 10.5, 8.4, 6.7. ಏರುವಾಗ ಒಂದು ಫ್ರೇಮೂ ತಡವಿಲ್ಲ, ಇಳಿಯುವಾಗ ಕಣ್ಣಿಗೆ ಹಿತ.

ಇದನ್ನು ನೇರವಾಗಿ ಸ್ಕೇಲ್‌ಗೆ ಕೊಡಬೇಡಿ. ನಡುವೆ ಲೀನಿಯರ್ ಎಕ್ಸ್‌ಪ್ರೆಷನ್ ಇರಲಿ. ಸ್ಲೈಡರ್ 6ರಿಂದ 30ರೊಳಗೆ ಇದ್ದಾಗ ಸ್ಕೇಲ್ 100ರಿಂದ 118ರವರೆಗೆ ಹೋಗಲಿ. 6ಕ್ಕಿಂತ ಕೆಳಗೆ ಏನಿದ್ದರೂ ಸ್ಕೇಲ್ 100ರಲ್ಲೇ ನಿಲ್ಲುತ್ತದೆ, ಅದೇ ಇದರ ದೊಡ್ಡ ಉಪಕಾರ. ಮೇಲಿನ ಲೆಕ್ಕದಲ್ಲಿ, ಕಿಕ್ ಬಿದ್ದ ಫ್ರೇಮನ್ನು ಸೊನ್ನೆ ಎಂದು ಎಣಿಸಿದರೆ, ಎಂಟನೇ ಫ್ರೇಮಿಗೆ ಬೆಲೆ 5.4ಕ್ಕೆ ಇಳಿಯುತ್ತದೆ. ಹಾಡು ನಿಮಿಷಕ್ಕೆ 120 ಬೀಟ್ ಇದ್ದರೆ ಮುಂದಿನ ಕಿಕ್ ಹದಿನೈದನೇ ಫ್ರೇಮಿಗೆ. ನಡುವಿನ ಏಳು ಫ್ರೇಮ್ ವೃತ್ತ ಅಲ್ಲಾಡದೆ ನಿಂತಿರುತ್ತದೆ. ನಿಮ್ಮ ಗ್ರಾಫಿಕ್ಸ್‌ನಲ್ಲಿ ಈಗ ಇಲ್ಲದಿರುವುದು ಇದೇ ನಿಲುಗಡೆ. ನಿಂತಿದ್ದರೆ ತಾನೇ ಮುಂದಿನ ಗುದ್ದು ಕಾಣುವುದು? 118 ಕಡಿಮೆ ಎನಿಸಬಹುದು. ಆದರೆ ಸ್ಕೇಲ್ 100ರಿಂದ 120 ಆದರೆ ವೃತ್ತದ ವಿಸ್ತೀರ್ಣ 1.44 ಪಟ್ಟಾಗುತ್ತದೆ. ಕಣ್ಣು ನೋಡುವುದು ವಿಸ್ತೀರ್ಣವನ್ನು.

ಲೈವ್ ಆಗಿ ಓಡುವ ಸಾಫ್ಟ್‌ವೇರ್‌ಗಳಲ್ಲಿ ಸ್ಮೂತಿಂಗ್ ಜಾಸ್ತಿ ಹಾಕಿದರೆ ಚಿತ್ರ ಸದ್ದಿಗಿಂತ ಹಿಂದೆ ಬೀಳುತ್ತದೆ. ಇದು ತುಂಬ ಬೇಗ ಗೊತ್ತಾಗುವ ತಪ್ಪು. ಪ್ರಸಾರ ಕ್ಷೇತ್ರಕ್ಕಾಗಿ ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಕೊಟ್ಟ ಬಿಟಿ.1359 ಶಿಫಾರಸಿನ ಪ್ರಕಾರ ಸದ್ದು ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡ್ ಮೊದಲೇ ಬಂದರೆ ಜನರಿಗೆ ಗೊತ್ತಾಗಲು ಶುರುವಾಗುತ್ತದೆ. ಸದ್ದು ತಡವಾಗಿ ಬಂದರೆ ಸುಮಾರು 125 ಮಿಲಿಸೆಕೆಂಡ್‌ವರೆಗೆ ಗೊತ್ತಾಗುವುದಿಲ್ಲ. ಮಿಂಚು ಮೊದಲು, ಗುಡುಗು ಆಮೇಲೆ ಎಂಬುದಕ್ಕೆ ನಾವು ಒಗ್ಗಿದ್ದೇವೆ, ಉಲ್ಟಾ ಆದರೆ ಒಪ್ಪುವುದಿಲ್ಲ. 30 ಫ್ರೇಮ್‌ನ ವಿಡಿಯೊದಲ್ಲಿ ಒಂದು ಫ್ರೇಮ್ ಅಂದರೆ 33 ಮಿಲಿಸೆಕೆಂಡ್. ಚಿತ್ರ ಎರಡು ಫ್ರೇಮ್ ತಡವಾದರೆ ಆ ಗೆರೆ ದಾಟಿತು. ಒಂದು ಫ್ರೇಮ್ ಮೊದಲೇ ಬಂದರೆ ಏನೂ ತೊಂದರೆ ಇಲ್ಲ, ಇನ್ನೂ ಬಿಗಿಯಾಗಿ ಕಾಣುತ್ತದೆ.

ತಿರುಗುವಿಕೆಯ ಬಗ್ಗೆ ಒಂದು ಮಾತು, ಯಾಕೆಂದರೆ ಇಲ್ಲಿ ಬಹಳ ಜನ ಸಿಕ್ಕಿಬೀಳುತ್ತಾರೆ. ಬೇಸ್ ಜೋರಾದಾಗ ಚಕ್ರ ಜೋರಾಗಿ ತಿರುಗಲಿ ಎಂದು ಸ್ಲೈಡರನ್ನು ರೊಟೇಷನ್‌ಗೆ ಕಟ್ಟುತ್ತೀರಿ. ಚಕ್ರ ತಿರುಗುವುದಿಲ್ಲ, ಹಿಂದಕ್ಕೂ ಮುಂದಕ್ಕೂ ತೂಗುತ್ತದೆ. ಸ್ಲೈಡರ್ ಇಳಿದಾಗ ಕೋನವೂ ಇಳಿಯುತ್ತದಲ್ಲ! ನಿಮಗೆ ಬೇಕಾದದ್ದು ವೇಗ, ನೀವು ಕೊಟ್ಟದ್ದು ಸ್ಥಾನ. ಶುರುವಿನಿಂದ ಇಲ್ಲಿಯವರೆಗಿನ ಬೆಲೆಗಳನ್ನೆಲ್ಲ ಕೂಡಿಸಿ ರೊಟೇಷನ್‌ಗೆ ಕೊಡಿ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಈ ಕೂಡಿಕೆ ಪ್ರತಿ ಫ್ರೇಮಿಗೂ ಮೊದಲಿನಿಂದ ನಡೆಯುವುದರಿಂದ ಹಾಡು ಮುಂದೆ ಹೋದ ಹಾಗೆ ನಿಧಾನವಾಗುತ್ತದೆ. ಸರಿ ಕಂಡ ಮೇಲೆ ಕನ್ವರ್ಟ್ ಎಕ್ಸ್‌ಪ್ರೆಷನ್ ಟು ಕೀಫ್ರೇಮ್ಸ್ ಮಾಡಿಬಿಡಿ. ಟಚ್‌ಡಿಸೈನರ್ ಎಂಬ ಲೈವ್ ಗ್ರಾಫಿಕ್ಸ್ ಸಾಫ್ಟ್‌ವೇರ್‌ನಲ್ಲಿ ಸ್ಪೀಡ್ ಎಂಬ ಚಾಪ್ (ಬದಲಾಗುವ ಸಂಖ್ಯೆಗಳ ಮೇಲೆ ಕೆಲಸ ಮಾಡುವ ಘಟಕ) ಇದೇ ಕೆಲಸವನ್ನು ತಾನೇ ಮಾಡುತ್ತದೆ.

ಬೇರೆ ಸಾಫ್ಟ್‌ವೇರ್‌ಗಳ ಮಾತು ಬಂದಿದ್ದಕ್ಕೆ ಚಿಕ್ಕದಾಗಿ ಹೇಳುತ್ತೇನೆ. ಬ್ಲೆಂಡರ್‌ನ ಗ್ರಾಫ್ ಎಡಿಟರ್‌ನಲ್ಲಿ ಸದ್ದನ್ನು ಕರ್ವ್ ಆಗಿ ಬೇಕ್ ಮಾಡುವ ಆಯ್ಕೆ ಇದೆ. ಕಡಿಮೆ ಮತ್ತು ಹೆಚ್ಚಿನ ಫ್ರೀಕ್ವೆನ್ಸಿ, ಅಟ್ಯಾಕ್, ರಿಲೀಸ್ ಎಲ್ಲವೂ ಅಲ್ಲೇ ಸಿಗುತ್ತವೆ, ಅದೂ ಪೂರ್ತಿ ಉಚಿತ. ಸಿನಿಮಾ 4ಡಿಯಲ್ಲಿ ಸೌಂಡ್ ಎಫೆಕ್ಟರ್ ಇದೆ. ಟಚ್‌ಡಿಸೈನರ್ ವೇದಿಕೆಯ ಮೇಲೆ ಲೈವ್ ಓಡಿಸಲು ಹೇಳಿಮಾಡಿಸಿದ್ದು. ಅದರ ಉಚಿತ ಆವೃತ್ತಿ ವಾಣಿಜ್ಯವಲ್ಲದ ಕೆಲಸಕ್ಕೆ, 1280 ಪಿಕ್ಸೆಲ್ ಮಿತಿಯೊಳಗೆ. ಆಫ್ಟರ್ ಎಫೆಕ್ಟ್ಸ್‌ಗೆ ಸೌಂಡ್ ಕೀಸ್ ಎಂಬ ಪ್ಲಗಿನ್ ಇದೆ, ಫ್ರೀಕ್ವೆನ್ಸಿಯ ಚಿತ್ರದ ಮೇಲೆ ಚೌಕ ಎಳೆದು ಬೇಕಾದ ಭಾಗ ಆರಿಸಬಹುದು. ನಿಮ್ಮ ಕೆಲಸ ರೆಂಡರ್ ಮಾಡಿ ಕೊಡುವ ವಿಡಿಯೊ ಆದರೆ ಈಗ ಇರುವುದೇ ಸಾಕು.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಕೊರತೆ ಉಳಿಯುತ್ತದೆ. ಸ್ಲೈಡರ್‌ಗೆ ಪಲ್ಲವಿ ಯಾವುದು, ಚರಣ ಯಾವುದು ಗೊತ್ತಿಲ್ಲ. ಹಾಡು ಒಂದು ಕ್ಷಣ ಉಸಿರು ಹಿಡಿದು ಮತ್ತೆ ಬಿಡುವ ಜಾಗ ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಅದನ್ನು ನೀವೇ ಕೇಳಬೇಕು. ಪ್ರಿವ್ಯೂ ಓಡುವಾಗ ನಂಬರ್ ಪ್ಯಾಡಿನ ನಕ್ಷತ್ರ ಗುರುತು ಒತ್ತಿದರೆ ಮಾರ್ಕರ್ ಬೀಳುತ್ತದೆ. ಕಣ್ಣು ಮುಚ್ಚಿಕೊಂಡು ಹಾಡು ಕೇಳುತ್ತಾ, ನಿಮಗೆ ಏನೋ ಬದಲಾಯಿತು ಎನಿಸಿದ ಜಾಗದಲ್ಲೆಲ್ಲ ಒತ್ತಿ. ದೊಡ್ಡ ಬದಲಾವಣೆಗಳನ್ನು, ಅಂದರೆ ಬಣ್ಣ, ಕ್ಯಾಮೆರಾ, ಹೊಸ ಆಕಾರಗಳನ್ನು ಆ ಮಾರ್ಕರ್‌ಗಳಲ್ಲಿ ಕೈಯಿಂದಲೇ ಕೀಫ್ರೇಮ್ ಮಾಡಿ. ನನ್ನ ಕೆಲಸಗಳಲ್ಲಿ ಜನ 'ಹಾಡಿಗೆ ಎಷ್ಟು ಚೆನ್ನಾಗಿ ಹೊಂದಿದೆ' ಎಂದು ಮೆಚ್ಚಿದ ಜಾಗಗಳು ಹೆಚ್ಚಾಗಿ ಕೈಯಿಂದ ಇಟ್ಟವೇ.

ಬೀಟ್ ಲೆಕ್ಕ ಹಾಕಿ ಕೀಫ್ರೇಮ್ ಇಡುವುದಾದರೆ ಜೋಪಾನ. ನಿಮಿಷಕ್ಕೆ 128 ಬೀಟ್‌ನ ಹಾಡು, 30 ಫ್ರೇಮ್ ಅಂದರೆ ಬೀಟಿಗೆ 14.0625 ಫ್ರೇಮ್. 14 ಎಂದು ಇಟ್ಟುಕೊಂಡು ಕಾಪಿ ಮಾಡುತ್ತಾ ಹೋದರೆ ನೂರು ಬೀಟ್‌ಗೆ, ಅಂದರೆ ಸುಮಾರು 47 ಸೆಕೆಂಡಿಗೆ, ಆರು ಫ್ರೇಮ್ ತಪ್ಪಿರುತ್ತದೆ. ಪ್ರತಿ ಬೀಟನ್ನೂ ಮೊದಲಿನಿಂದ ಗುಣಿಸಿ, ಆಮೇಲೆ ದುಂಡು ಮಾಡಿ.

ಪರದೆ ಪೂರ್ತಿ ಮಿನುಗುವ ಫ್ಲ್ಯಾಶನ್ನು ಹೈಹ್ಯಾಟ್‌ಗೆ ಕಟ್ಟಲೇಬೇಡಿ. ಸೆಕೆಂಡಿಗೆ ಮೂರಕ್ಕಿಂತ ಜಾಸ್ತಿ ಮಿನುಗಬಾರದು ಎಂಬುದು ವೆಬ್‌ನ ಡಬ್ಲ್ಯುಸಿಎಜಿ ಮಾರ್ಗಸೂಚಿ, ಬೆಳಕಿನ ಮಿನುಗಿನಿಂದ ಮೂರ್ಛೆ ಬರುವವರಿಗಾಗಿ ಮಾಡಿದ್ದು. 120 ಬೀಟ್‌ನ ಹಾಡಿನಲ್ಲಿ ಕಿಕ್ ಸೆಕೆಂಡಿಗೆ ಎರಡು. ಹೈಹ್ಯಾಟ್ ಅದರ ಎರಡರಷ್ಟು ಬಿದ್ದರೆ ನಾಲ್ಕಾಯಿತು. ಹೈಹ್ಯಾಟ್‌ಗೆ ಒಂದು ತೆಳು ಗೆರೆ, ಒಂದು ಚಿಕ್ಕ ಚುಕ್ಕೆ ಸಾಕು.

ಮೊದಲು 20 ಸೆಕೆಂಡ್ ಮಾತ್ರ ರೆಂಡರ್ ಮಾಡಿ, ಸದ್ದು ಆಫ್ ಮಾಡಿ ನೋಡಿ. ಚಿತ್ರ ಮಾತ್ರ ನೋಡುತ್ತಾ ಬೆರಳಿನಿಂದ ಮೇಜಿನ ಮೇಲೆ ತಾಳ ಹಾಕಲು ಬಂದರೆ ಕಿಕ್ ಸರಿಯಾಗಿ ಕೂತಿದೆ. ಬೆರಳು ತಡವರಿಸಿದರೆ 0.8ನ್ನು 0.7 ಮಾಡಿ, ಅಥವಾ ಲೀನಿಯರ್‌ನ ಕೆಳಗಿನ 6ನ್ನು 9ಕ್ಕೆ ಏರಿಸಿ, ಮತ್ತೆ ನೋಡಿ.