ಸ್ಕೂಲಿಗೆ ಆಡಲೋ, ಕ್ಲಬ್ಬಿಗೆ ಆಡಲೋ?

ಟೆಕ್ಸಾಸ್‌ನ ಫ್ರಿಸ್ಕೊದಿಂದ ಓದುಗ ತಾಯಿಯೊಬ್ಬರು ಬರೆದಿದ್ದಾರೆ: ‘ಮಗನಿಗೆ ಹದಿನೈದು ವರ್ಷ. ಸಾಕರ್ ಅಂದ್ರೆ ಪ್ರಾಣ. ಹೈಸ್ಕೂಲ್ ತಂಡಕ್ಕೆ ಆಡಿದರೆ ಆಟ ಕೆಡುತ್ತದೆ ಅನ್ನುತ್ತಾರೆ ಕ್ಲಬ್ ಕೋಚ್. ಇವನಿಗೋ ಗೆಳೆಯರ ಜೊತೆ ಆಡುವ ಆಸೆ. ಏನು ಮಾಡಲಿ?’

ನಮಸ್ಕಾರ. ಕೋಚ್ ಮಾತು ಪೂರ್ತಿ ತಪ್ಪೇನಲ್ಲ. ಸ್ಕೂಲ್ ಪಂದ್ಯ 80 ನಿಮಿಷದ್ದು. ಹೊರಗೆ ಹೋದವನು ಮತ್ತೆ ಒಳಗೆ ಬರಬಹುದು. ಹಾಗಾಗಿ ಹತ್ತು ನಿಮಿಷ ಜೀವ ಬಿಟ್ಟು ಓಡು, ಸುಸ್ತಾದರೆ ಬೆಂಚಿಗೆ ಬಾ, ಮತ್ತೆ ಹೋಗಿ ಓಡು ಅನ್ನುವಂಥ ಆಟವೇ ಜಾಸ್ತಿ. ತಾಳ್ಮೆಯಿಂದ ಪಾಸ್ ಕೊಡುವ ಹುಡುಗನಿಗಿಂತ ಗಟ್ಟಿಮುಟ್ಟಾದವನದ್ದೇ ಮೇಲುಗೈ. ಪ್ರೊ ಆಟಗಾರರನ್ನು ತಯಾರು ಮಾಡುವ ಅಕಾಡೆಮಿಗಳ ಪಂದ್ಯದಲ್ಲಿ ಹೊರಗೆ ಬಂದರೆ ಮುಗೀತು. ಕಾಲು ಸೋತಾಗಲೂ ತಲೆ ಓಡಿಸಿ ಆಡುವುದನ್ನು ಹುಡುಗರು ಅಲ್ಲಿ ಕಲಿಯುತ್ತಾರೆ.

ಇದನ್ನೆಲ್ಲ ನೋಡಿಯೇ ಅಮೆರಿಕದ ಸಾಕರ್ ಫೆಡರೇಷನ್ 2007ರಲ್ಲಿ ಡೆವಲಪ್‌ಮೆಂಟ್ ಅಕಾಡೆಮಿ ಅನ್ನುವ ದೇಶವ್ಯಾಪಿ ಯುವ ಲೀಗ್ ಶುರು ಮಾಡಿತು. 2012ರಲ್ಲಿ ಸೀಸನ್ನನ್ನು ಹತ್ತು ತಿಂಗಳಿಗೆ ಎಳೆದು, ಇನ್ನು ಸ್ಕೂಲಿಗೆ ಆಡುವ ಹಾಗಿಲ್ಲ ಅಂದಿತು. ನನ್ನ ತಕರಾರು ಇಲ್ಲೇ. ಪ್ರೊ ಆಗಬಲ್ಲ ಬೆರಳೆಣಿಕೆಯ ಮಕ್ಕಳಿಗೆ ಬೇಕಾದ ನಿಯಮವನ್ನು ಸಾವಿರಾರು ಮಕ್ಕಳ ಮೇಲೆ ಹೇರಿದರು. 2020ರಲ್ಲಿ ಆ ಅಕಾಡೆಮಿಯೇ ಮುಚ್ಚಿಹೋಯಿತು. ಸ್ಕೂಲ್ ಆಟ ತಪ್ಪಿಸಿಕೊಂಡ ಮಕ್ಕಳಿಗೆ ಆ ವರ್ಷಗಳನ್ನು ಯಾರು ವಾಪಸ್ ಕೊಡುತ್ತಾರೆ?

ನಿಮ್ಮ ಸುತ್ತಮುತ್ತಲೇ ನೋಡಿ. ಅಮೆರಿಕ ತಂಡದ ಆಟಗಾರ ವೆಸ್ಟನ್ ಮೆಕೆನಿ ಪಕ್ಕದ ಲಿಟಲ್ ಎಲ್ಮ್‌ನವನು. ಎಫ್‌ಸಿ ಡಲ್ಲಾಸ್ ಅಕಾಡೆಮಿಯಲ್ಲಿ ಬೆಳೆದು 2016ರಲ್ಲಿ ಜರ್ಮನಿಯ ಶಾಲ್ಕೆ ಕ್ಲಬ್ ಸೇರಿದ. ಅಂಥ ಹುಡುಗನಿಗೆ ಸ್ಕೂಲ್ ಸೀಸನ್ನಿಂದ ಆಟದಲ್ಲಿ ದೊಡ್ಡ ಲಾಭವಿಲ್ಲ, ಒಪ್ಪೋಣ. ಆದರೆ ಅದೇ ಟೆಕ್ಸಾಸ್‌ನ ಕ್ಲಿಂಟ್ ಡೆಂಪ್ಸಿ ನ್ಯಾಕಡೋಚಸ್ ಹೈಸ್ಕೂಲಿಗೂ ಆಡಿದ, ಕ್ಲಬ್ಬಿಗಾಗಿ ಮೂರು ಗಂಟೆ ದೂರದ ಡಲ್ಲಾಸ್‌ಗೂ ಓಡಾಡಿದ. ಆಮೇಲೆ ದೇಶಕ್ಕಾಗಿ 57 ಗೋಲು ಹೊಡೆದ.

ಕ್ಲಬ್ಬಿನಲ್ಲಿ ನಿಮ್ಮ ಮಗ ಹಲವರಲ್ಲಿ ಒಬ್ಬ. ಸ್ಕೂಲ್ ತಂಡ ಒಂದು ಗೋಲು ಹಿಂದಿದ್ದಾಗ ಎಲ್ಲರೂ ಅವನ ಮುಖವನ್ನೇ ನೋಡುತ್ತಾರೆ. ಇಡೀ ಕ್ಲಾಸಿನ ಎದುರು ಪೆನಾಲ್ಟಿ ಹೊಡೆಯಬೇಕು. ತಪ್ಪಿದರೆ ಮರುದಿನ ಅದೇ ಕ್ಲಾಸಿಗೆ ಹೋಗಿ ಕೂರಬೇಕು. ಇದನ್ನು ಯಾವ ಅಭ್ಯಾಸದಲ್ಲೂ ಕಲಿಸಲು ಆಗುವುದಿಲ್ಲ. ಪಾಸಾಗದಿದ್ದರೆ ಆಟವೂ ಇಲ್ಲ ಅನ್ನುವ ಟೆಕ್ಸಾಸ್ ನಿಯಮ ಬೇರೆ ಇದೆಯಲ್ಲ, ಓದಿನ ಚಿಂತೆಗೂ ಅದು ಒಳ್ಳೆಯದೇ.

ಮಕ್ಕಳನ್ನು ನಿಜವಾಗಿ ಹಾಳು ಮಾಡುವುದು ಒಂದೇ ವಾರದಲ್ಲಿ ಎರಡೂ ಕಡೆ ಆಡುವುದು. ಮಂಗಳವಾರ, ಶುಕ್ರವಾರ ಸ್ಕೂಲ್ ಪಂದ್ಯ, ಶನಿವಾರ ಕ್ಲಬ್ ಪಂದ್ಯ ಅಂದರೆ ಬೆಳೆಯುವ ಹುಡುಗನ ಮೊಣಕಾಲು ತಡೆಯುತ್ತಾ? ಇದಕ್ಕೆ ಮಾತ್ರ ಖಂಡಿತ ಒಪ್ಪಬೇಡಿ.

ನಿಮ್ಮದು ಎಫ್‌ಸಿ ಡಲ್ಲಾಸ್‌ನಂಥ ಪ್ರೊ ತಂಡದ ಅಕಾಡೆಮಿಯಾದರೆ ಕೋಚ್ ಮಾತು ಕೇಳಿ. ನೀವೇ ಸಾವಿರಾರು ಡಾಲರ್ ಫೀಸ್ ಕಟ್ಟುವ ಕ್ಲಬ್ ಆದರೆ ಹುಡುಗ ಸ್ಕೂಲಿಗೆ ಆಡಲಿ. ಇಸಿಎನ್‌ಎಲ್‌ನಂಥ ಯುವ ಕ್ಲಬ್ಬುಗಳ ಲೀಗ್ ಅದಕ್ಕೆ ಜಾಗ ಬಿಡುತ್ತದೆ. ನಿಮ್ಮ ಲೀಗಿನ ನಿಯಮ ಏನು, ಸ್ಕೂಲ್ ಸೀಸನ್ ಮುಗಿದ ಮೇಲೆ ಅವನ ಜಾಗ ಉಳಿಯುತ್ತದೋ ಇಲ್ಲವೋ ಅಂತ ಸ್ಕೂಲ್ ಸೀಸನ್ ಶುರುವಾಗುವ ಜನವರಿಗೆ ಮುಂಚೆಯೇ ಕೇಳಿ, ಬರವಣಿಗೆಯಲ್ಲಿ ತಗೊಳ್ಳಿ.

– ಸಂಪಾದಕ